ರೊಟ್ಟಿಗೊಂದು ಹೆಸರು



ಬೀದರ ಪಟ್ಟಣದಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹಿಡಿಯುವ ಊರು ಕಮಠಾಣ. ಹಳೆಯ ಪಾರ್ಶ್ವನಾಥ ಬಸದಿ ಇರುವ ಊರು. ತೊಗರಿ, ಹೆಸರು, ಉದ್ದು, ಸೋಯಾ ನಂಬಿ ಬದುಕುವ ಸೀಮೆ. ಅಲ್ಲಿ ಬೆಳಗಾಗುವುದನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಇನ್ನೂ ಕತ್ತಲೆ ಹರಿದಿರುವುದಿಲ್ಲ, ಮಸೀದಿಯ ಆಜಾನ್ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಲಿಂಗಾಯತರ ಮನೆಗಳಲ್ಲಿ ಹಿರಿಯರು ಮಿಂದು, ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂಡುತ್ತಾರೆ. ಗುಡಿಯ ಗಂಟೆ ಮೊಳಗುತ್ತದೆ. ಅದೇ ಊರಲ್ಲಿ ಕ್ರೈಸ್ತರ ಮನೆಗಳೂ ಇವೆ. ಆ ಹೊತ್ತಿಗೆ ಆ ಮನೆಗಳಲ್ಲಿ ಏನು ನಡೆಯುತ್ತದೆ?

ಇವತ್ತು ಈ ಪ್ರಶ್ನೆ ಹಿಡಿದು ಮಾತಾಡುತ್ತೇನೆ. ಐತವಾರದ ಆರಾಧನೆಯ ಮಾತಲ್ಲ. ಕ್ರಿಸ್ಮಸ್ ಹಬ್ಬದ ಮಾತೂ ಅಲ್ಲ. ಕ್ರಿಸ್ತನನ್ನು ನಂಬಿದ ಒಬ್ಬ ವ್ಯಕ್ತಿ ತನ್ನ ಮನೆಯಲ್ಲಿ, ತನ್ನ ಪಾಡಿಗೆ, ದಿನಾಲೂ ದೇವರ ಮುಂದೆ ನಿಲ್ಲುವ ರೂಢಿ ಯಾವುದು, ಅದನ್ನು ಕಂಡುಕೊಳ್ಳುವುದು ಹೇಗೆ, ಅಷ್ಟೇ ವಿಷಯ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಭಕ್ತಿಯ ರೂಢಿಯನ್ನು ಇನ್ನೊಬ್ಬರಿಂದ ಎರವಲು ತಂದರೆ ಬಹಳ ದಿನ ಬಾಳುವುದಿಲ್ಲ. ನಮ್ಮ ದುಡಿಮೆಗೆ, ನಮ್ಮ ಮನೆಯ ಅಳತೆಗೆ, ನಮ್ಮ ನಾಲಿಗೆಗೆ ಒಗ್ಗುವಂತೆ ಅದನ್ನು ನಾವೇ ಕಟ್ಟಿಕೊಳ್ಳಬೇಕು. ಬೇರೆ ಧರ್ಮದ ಬಂಧುಗಳೂ ಇದನ್ನು ಕೇಳುತ್ತಿರಬಹುದು. ದಿನದ ಪೂಜೆ, ದಿನದ ನಮಾಜು ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಕಮಠಾಣದ ನಮ್ಮ ಓಣಿಯ ಒಬ್ಬ ಅವ್ವನಿಂದ ಶುರುಮಾಡುತ್ತೇನೆ.

ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಗಂಡ ತೀರಿಕೊಂಡಿದ್ದ. ಬೇರೆಯವರ ಹೊಲದಲ್ಲಿ ಕೂಲಿ. ಬೆಳಗ್ಗೆ ಎದ್ದು ಒಲೆ ಹೊತ್ತಿಸುತ್ತಿದ್ದಳು. ಎಸರು ಕುದಿಯುತ್ತಲೇ ಜೋಳದ ಹಿಟ್ಟಿಗೆ ಹಾಕಿ, ಬೆರಳು ಸುಡುವ ಬಿಸಿಯಲ್ಲೇ ನಾದುತ್ತಿದ್ದಳು. ಒಂದು ಉಂಡೆ ತೆಗೆದು ಪರಾತದಲ್ಲಿ ಒಣಹಿಟ್ಟು ಉದುರಿಸಿ ಬಡಿಯಲು ಶುರುಮಾಡಿದಳೆಂದರೆ, ಆ ಉಂಡೆಗೆ ಒಬ್ಬರ ಹೆಸರು. ಮೊದಲನೆಯದು ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದ ಮಗನದು. ಎರಡನೆಯದು ಔರಾದಿನ ಕಡೆ ಕೊಟ್ಟ ಮಗಳದು. ಬಡಿಯುವ ಸದ್ದಿನ ಜೊತೆ ತುಟಿ ಅಲ್ಲಾಡುತ್ತಿತ್ತು. ರೊಟ್ಟಿ ಹಂಚಿಗೆ ಬಿತ್ತು, ಮೇಲೆ ನೀರು ಸವರಿದಳು, ತಿರುವಿ ಹಾಕಿದಳು. ಅದು ಉಬ್ಬಿ ಬರುವವರೆಗೂ ಅದೇ ಹೆಸರು. ರೊಟ್ಟಿ ಇಳಿದ ಮೇಲೆ ಮುಂದಿನ ಉಂಡೆ, ಮುಂದಿನ ಹೆಸರು. ಬೇಲಿಯ ಜಗಳಕ್ಕೆ ಮಾತು ಬಿಟ್ಟಿದ್ದ ನೆರೆಮನೆಯವನಿಗೂ ಒಂದು ರೊಟ್ಟಿಯ ಹೊತ್ತು ಇತ್ತು. ಕೊನೆಯ ರೊಟ್ಟಿ ಮಾತ್ರ ಹೆಸರಿಲ್ಲದ್ದು. ಅದು ಅವತ್ತು ಬಾಗಿಲಿಗೆ ಯಾರು ಬರುತ್ತಾರೋ ಅವರದು. ಅವರಿಗಾಗಿ ಪ್ರಾರ್ಥನೆಯೂ ಆಗುತ್ತಿತ್ತು, ರೊಟ್ಟಿಯೂ ಉಳಿಯುತ್ತಿತ್ತು.

ಇದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ. ತಾನೇ ಕಂಡುಕೊಂಡದ್ದು. ಆ ರೂಢಿ ಬಾಳಿದ್ದೂ ಅದಕ್ಕಾಗಿಯೇ ಎಂದು ನನಗನಿಸುತ್ತದೆ. ರೊಟ್ಟಿ ಹೇಗೂ ಮಾಡಲೇಬೇಕು. ಅದಕ್ಕೆ ಬೇರೆ ಹೊತ್ತು ಬೇಡ, ಪುಸ್ತಕ ಬೇಡ, ಬೇರೆ ಕೋಣೆ ಬೇಡ. ಯಾರನ್ನು ಮರೆತೆ ಎಂಬ ಗೊಂದಲವಿಲ್ಲ, ಬುಟ್ಟಿಯಲ್ಲಿನ ರೊಟ್ಟಿಯೇ ಲೆಕ್ಕ ಹೇಳುತ್ತದೆ.

17ನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ಬ್ರದರ್ ಲಾರೆನ್ಸ್ ಎಂಬ ಸನ್ಯಾಸಿ ದುಡಿಯುತ್ತಿದ್ದರು. ಹಿಂದೆ ಸಿಪಾಯಿಯಾಗಿದ್ದು ಕಾಲಿಗೆ ಪೆಟ್ಟು ತಿಂದವರು. ಪಾತ್ರೆ ಪಗಡಗಳ ನಡುವೆಯೇ ದೇವರ ಸನ್ನಿಧಿಯಲ್ಲಿ ಇರುವುದನ್ನು ಅವರು ರೂಢಿ ಮಾಡಿಕೊಂಡರು. ಅವರು ತೀರಿಕೊಂಡ ಮೇಲೆ ಅವರ ಪತ್ರಗಳು, ಅವರೊಡನೆ ಆದ ಮಾತುಕತೆಗಳು ಪುಸ್ತಕವಾದವು. ಲೋಕವೆಲ್ಲ ಅದನ್ನು ಓದಿತು. ಕಮಠಾಣದ ಅವ್ವ ಆ ಹೆಸರು ಕೇಳಿದವಳಲ್ಲ. ಆದರೂ ಅವರು ಹಿಡಿದ ದಾರಿಯೇ ಈಕೆಯದೂ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ದಿನದ ಭಕ್ತಿಗೆ ಬೇರೆ ಜೀವನ ಬೇಕಿಲ್ಲ, ಇರುವ ಕೆಲಸಕ್ಕೇ ಅದನ್ನು ಕಟ್ಟಬಹುದು. ಈಗ ಇನ್ನೊಂದು ಮಾತು. ಓದು ಬಾರದವರ ಬಾಯಲ್ಲಿ ಪ್ರಾರ್ಥನೆ ನೆಲೆಸಿದ್ದು ಹೇಗೆ? ಇದಕ್ಕೆ ಈ ಸೀಮೆಯ ಚರಿತ್ರೆಯಲ್ಲಿ ಉತ್ತರವಿದೆ.

19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಬೀದರಿಗೆ ಬಂದರು. ಆಗ ಇದು ನಿಜಾಮರ ರಾಜ್ಯ. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳುತ್ತಿದ್ದ ನಾಡು. ಕ್ರಿಸ್ತನ ಕಡೆ ಬಂದವರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಯ ದಲಿತರು. ಗುಡಿಯ ಮೆಟ್ಟಿಲು ಹತ್ತಬಾರದು ಎಂದು ತಲೆಮಾರುಗಳಿಂದ ತಡೆಯಲ್ಪಟ್ಟವರು. ಶಾಲೆಯ ಮುಖ ಕಂಡವರು ಅವರಲ್ಲಿ ಎಷ್ಟು ಮಂದಿ ಇದ್ದಾರು?

ಅವರಿಗೆ ದೀಕ್ಷಾಸ್ನಾನಕ್ಕೆ ಮುಂಚೆ ಮೂರು ವಿಷಯ ಕಲಿಸುತ್ತಿದ್ದರು. ಯೇಸುಸ್ವಾಮಿ ಶಿಷ್ಯರಿಗೆ ಹೇಳಿಕೊಟ್ಟ ಕರ್ತನ ಪ್ರಾರ್ಥನೆ, ಹತ್ತು ಆಜ್ಞೆಗಳು, ವಿಶ್ವಾಸಪ್ರಮಾಣ. ಮೂರೂ ಬಾಯಿಪಾಠ. ಹಗಲು ದುಡಿದು ಬಂದ ಜನ ರಾತ್ರಿ ಬುಡ್ಡಿದೀಪದ ಸುತ್ತ ಕೂತು, ಉಪದೇಶಿ ಹೇಳಿಕೊಟ್ಟದ್ದನ್ನು ಸಾಲು ಸಾಲಾಗಿ ಹೇಳಿ ನಾಲಿಗೆಗೆ ಹತ್ತಿಸಿಕೊಂಡರು. ಈಗ ಅದು ನಮಗೆ ಸಣ್ಣ ಸಂಗತಿ ಎನಿಸಬಹುದು. ಸಣ್ಣದಲ್ಲ. ದೇವರೊಡನೆ ಮಾತಾಡಲು ನಡುವೆ ಯಾರೂ ಬೇಡ, ನಿನ್ನ ಬಾಯಿಯೇ ಸಾಕು ಎಂದು ಅವರಿಗೆ ಹೇಳಿದವರು ಅಪರೂಪ. ಈ ನೆಲದಲ್ಲಿ ಆ ಮಾತು ಹಿಂದೆಯೂ ಕೇಳಿತ್ತು. ನಮ್ಮ ಜಿಲ್ಲೆಯ ಕಲ್ಯಾಣದಲ್ಲೇ 12ನೆಯ ಶತಮಾನದ ಶರಣರು ದೇವರನ್ನು ಪ್ರತಿಯೊಬ್ಬರ ಅಂಗೈಗೆ ತಂದಿದ್ದರು. ಕೇರಿಯ ಜನಕ್ಕೆ ಕರ್ತನ ಪ್ರಾರ್ಥನೆ ಬಾಯಿಗೆ ಬಂದದ್ದೂ ಅಷ್ಟೇ ದೊಡ್ಡ ಸಂಗತಿ ಎಂದು ನಾನು ನಂಬಿದ್ದೇನೆ. ಅದಕ್ಕೇ ಬಾಯಿಪಾಠವನ್ನು ಯಾರಾದರೂ ಹಗುರವಾಗಿ ಕಂಡರೆ ನನಗೆ ನೋವಾಗುತ್ತದೆ.

ಬಾಯಿಪಾಠದ ಜೊತೆಗೆ ಹಾಡು ಬಂತು. ಮರಾಠಿಯಲ್ಲಿ ನಾರಾಯಣ ವಾಮನ ತಿಲಕರಿದ್ದರು. 1895ರಲ್ಲಿ ದೀಕ್ಷಾಸ್ನಾನ ಪಡೆದ ಬ್ರಾಹ್ಮಣ ಕವಿ. ಜ್ಞಾನೇಶ್ವರ, ತುಕಾರಾಮರ ಓವಿ ಅಭಂಗಗಳ ಧಾಟಿಯಲ್ಲೇ ಕ್ರಿಸ್ತನನ್ನು ಹಾಡಿದರು. ತೆಲುಗಿನಲ್ಲಿ ಅವರಿಗೂ ಮೊದಲೇ ಪುರುಷೋತ್ತಮ ಚೌಧರಿ ರಾಗ ತಾಳ ಹಚ್ಚಿ ಕೀರ್ತನೆ ಕಟ್ಟಿದ್ದರು. ಭಾಲ್ಕಿ, ಔರಾದಿನ ಕಡೆ ಮರಾಠಿ ಭಜನೆ, ತೆಲಂಗಾಣದ ಗಡಿಗೆ ತೆಲುಗು ಕೀರ್ತನೆ, ನಡುವೆ ನಮ್ಮ ಕನ್ನಡ ಸಂಗೀತ. ಒಂದೇ ಕೂಟದಲ್ಲಿ ಮೂರೂ ಕೇಳುವುದು ನಮ್ಮ ಭಾಗ್ಯ. ವಿಕಾರಾಬಾದಿನ ಹತ್ತಿರ ಧಾರೂರಿನಲ್ಲಿ 1923ರಿಂದ ಮೆಥೋಡಿಸ್ಟರ ಜಾತ್ರೆ ನಡೆದುಬಂದಿದೆ. ಪ್ರತಿ ನವೆಂಬರಿನಲ್ಲಿ ಸಾವಿರಾರು ಮಂದಿ ಸೇರುತ್ತಾರೆ, ಬೀದರಿನಿಂದಲೂ ಹೋಗುತ್ತಾರೆ. ಗುಡಾರ ಹಾಕಿ, ಅಲ್ಲೇ ಅಡುಗೆ ಮಾಡಿ ಉಂಡು, ರಾತ್ರಿಯಿಡೀ ಹಾಡುತ್ತಾರೆ. ಜಾತ್ರೆಗೆ ಹೋಗಿಬಂದವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಯಾವ ಹಾಡು ಕಲಿತು ಬಂದಿರಿ? ಹೊಸ ಹಾಡೊಂದು ಬಾಯಿಗೆ ಬಂದಿದ್ದರೆ ವರ್ಷವಿಡೀ ಹೊಲದಲ್ಲಿ, ಬಸ್ಸಿನಲ್ಲಿ ಅದು ಜೊತೆಗಿರುತ್ತದೆ.

ಹಾಗಾದರೆ, ಕೇಳುಗರೇ, ಎರಡು ಮಾತಾಯಿತು. ಕೆಲಸಕ್ಕೆ ಕಟ್ಟಿದ ಪ್ರಾರ್ಥನೆ ಒಂದು. ಬಾಯಿಗೆ ಹತ್ತಿದ ಪ್ರಾರ್ಥನೆ ಮತ್ತು ಹಾಡು ಇನ್ನೊಂದು. ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ದಿನಾಲೂ ಒಂದೇ ಪ್ರಾರ್ಥನೆ ಹೇಳಿದರೆ ಅದು ಬರೀ ತುಟಿಯ ಮಾತಾಗುವುದಿಲ್ಲವೇ? ಮನಸ್ಸು ಇಲ್ಲದೆ ರೂಢಿ ಇಟ್ಟುಕೊಂಡು ಏನು ಫಲ?

ಮೆಥೋಡಿಸ್ಟ್ ಸಭೆಗೆ ಮೂಲಪುರುಷರಾದ ಜಾನ್ ವೆಸ್ಲಿಯವರ ಬಾಳಿನಲ್ಲೇ ಈ ಪ್ರಶ್ನೆ ಬಂದಿತ್ತು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ವೆಸ್ಲಿ ಹುಟ್ಟಿದ್ದು 1703ರಲ್ಲಿ, ಇಂಗ್ಲೆಂಡಿನಲ್ಲಿ. 1729ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ಕೆಲವು ಗೆಳೆಯರ ಜೊತೆ ಕಟ್ಟುನಿಟ್ಟಿನ ನೇಮ ಹಿಡಿದರು. ಗೊತ್ತಾದ ಹೊತ್ತಿಗೆ ಏಳುವುದು, ಗೊತ್ತಾದ ಹೊತ್ತಿಗೆ ಪ್ರಾರ್ಥನೆ, ವೇದಪಾರಾಯಣ, ಅಂದರೆ ಬೈಬಲ್ ಓದು. ಬುಧವಾರ, ಶುಕ್ರವಾರ ಉಪವಾಸ. ಜೈಲಿಗೆ ಹೋಗಿ ಕೈದಿಗಳನ್ನು ನೋಡಿಬರುವುದು. ಸುಮಾರು ಒಂಬತ್ತು ವರ್ಷ ಹೀಗೆ ನಡೆಯಿತು. ಆದರೂ ಅವರಿಗೆ ಸಮಾಧಾನವಿರಲಿಲ್ಲ. ದೇವರು ನನ್ನನ್ನು ಒಪ್ಪಿಕೊಂಡಿದ್ದಾನೆ ಎಂಬ ಭರವಸೆ ಬರಲಿಲ್ಲ. ಕೊನೆಗೆ 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟಕ್ಕೆ ಅಷ್ಟೊಂದು ಮನಸ್ಸಿಲ್ಲದೆ ಹೋದರು. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಕ್ಕೆ ಧರ್ಮಸುಧಾರಕ ಲೂಥರ್ ಬರೆದ ಪೀಠಿಕೆಯನ್ನು ಅಲ್ಲಿ ಯಾರೋ ಓದುತ್ತಿದ್ದರು. ರಾತ್ರಿ ಸುಮಾರು ಎಂಟೂಮುಕ್ಕಾಲು. ಕ್ರಿಸ್ತನನ್ನು ನಂಬಿದರೆ ಸಾಕು ಎಂಬುದು ಆಗ ಅವರ ಎದೆಗೆ ನಾಟಿತು.

ಈ ಕಥೆಯನ್ನು ನಮ್ಮ ಸಭೆಗಳಲ್ಲಿ ಎಲ್ಲರೂ ಹೇಳುತ್ತಾರೆ, ಆ ರಾತ್ರಿಗೇ ಮುಗಿಸಿಬಿಡುತ್ತಾರೆ. ಅದರ ಮುಂದಿನ ಭಾಗ ನನಗೆ ಇನ್ನೂ ಮುಖ್ಯ. ಲಂಡನ್ನಿನ ಫೆಟರ್ ಲೇನ್ ಎಂಬಲ್ಲಿ ಅವರದೇ ಬಳಗದ ಕೆಲವರು ಒಂದು ವಾದ ಹೂಡಿದರು. ಪೂರ್ಣ ನಂಬಿಕೆ ಬರುವ ತನಕ ಪ್ರಾರ್ಥನೆ, ವೇದಪಾರಾಯಣ, ಪ್ರಭುಭೋಜನ ಎಲ್ಲ ಬಿಟ್ಟು ಸುಮ್ಮನೆ ಕೂತಿರಬೇಕು ಎಂದು. ವೆಸ್ಲಿ ಒಪ್ಪಲಿಲ್ಲ. ಒಂಬತ್ತು ವರ್ಷದ ನೇಮ ತನಗೆ ಶಾಂತಿ ಕೊಡಲಿಲ್ಲ ಎಂದು ಬಲ್ಲ ಮನುಷ್ಯನೇ ನೇಮ ಬಿಡಬಾರದು ಎಂದು ಹಟ ಹಿಡಿದರು. 1740ರಲ್ಲಿ ಅವರನ್ನು ಬಿಟ್ಟು ಬೇರೆಯಾದರು. ವೆಸ್ಲಿಯವರ ನಿಲುವು ಹೀಗಿತ್ತು. ನೇಮ ಕೃಪೆಯನ್ನು ಕೊಂಡುಕೊಳ್ಳುವ ಹಣವಲ್ಲ. ಆದರೆ ದೇವರು ಸಾಮಾನ್ಯವಾಗಿ ಕೃಪೆ ಕೊಡುವುದು ಆ ದಾರಿಗಳಲ್ಲೇ. ಆದ್ದರಿಂದ ಆ ದಾರಿಯಲ್ಲೇ ಕಾದಿರಬೇಕು. ಮನಸ್ಸು ತುಂಬಿ ಬರಲಿ ಎಂದು ಕಾದು ಆಮೇಲೆ ಪ್ರಾರ್ಥನೆಗೆ ಕೂಡುತ್ತೇನೆ ಎನ್ನುವವರಿಗೆ ನಾನು ಹೇಳುವುದೂ ಇದನ್ನೇ. ಮೊದಲು ಕೂಡಿ. ಮನಸ್ಸು ಹಿಂದಿನಿಂದ ಬರುತ್ತದೆ. ಕೆಲವು ದಿನ ಬರುವುದಿಲ್ಲ. ಆಗಲೂ ಕೂಡಿ.

ವೆಸ್ಲಿಯವರಿಂದ ತಿಳಿದದ್ದನ್ನು ಇಷ್ಟರಲ್ಲಿ ಹಿಡಿಯಬಹುದು: ರೂಢಿ ಇಟ್ಟುಕೊಂಡ ಮಾತ್ರಕ್ಕೆ ಸ್ವರ್ಗ ಕೈಗೆ ಬರುವುದಿಲ್ಲ, ಆದರೆ ರೂಢಿ ಬಿಟ್ಟು ಕಾಯುವುದೂ ಸರಿಯಲ್ಲ. ಇನ್ನು ಪ್ರಾಯೋಗಿಕ ಪ್ರಶ್ನೆ. ಎಲ್ಲಿ ಕೂಡಬೇಕು?

ಪ್ರಾರ್ಥನೆ ಮಾಡುವಾಗ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೋ ಎಂದು ಯೇಸುಸ್ವಾಮಿ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಕಲಿಸುತ್ತಾನೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅಂಥ ಕೋಣೆ ಇದೆ? ಒಂದೇ ಕೋಣೆ. ಅದರಲ್ಲೇ ಅತ್ತೆ, ಮಕ್ಕಳು, ಟಿ.ವಿ., ಕಾಳಿನ ಚೀಲ. ಹೆಣ್ಣುಮಕ್ಕಳು ನನ್ನನ್ನು ಕೇಳುತ್ತಾರೆ, ಅಣ್ಣಾ, ಬಾಗಿಲು ಮುಚ್ಚಿಕೊಳ್ಳಲು ನಮಗೆ ಎಲ್ಲಿ ಜಾಗ?

ವೆಸ್ಲಿಯವರ ತಾಯಿ ಸುಸಾನ್ನ ಹತ್ತೊಂಬತ್ತು ಮಕ್ಕಳನ್ನು ಹೆತ್ತವರು. ಉಳಿದವರು ಹತ್ತು ಮಂದಿ. ಗಂಡ ಸಾಲಗಾರ. ಅಂಥ ಮನೆಯಲ್ಲಿ ಆಕೆ ಅಡುಗೆಯ ಏಪ್ರನ್ ಬಟ್ಟೆಯನ್ನೇ ತಲೆಯ ಮೇಲೆ ಎಳೆದುಕೊಂಡು ಪ್ರಾರ್ಥನೆಗೆ ಕೂಡುತ್ತಿದ್ದರಂತೆ. ಅಮ್ಮನ ತಲೆ ಮೇಲೆ ಬಟ್ಟೆ ಬಂದರೆ ಮಕ್ಕಳು ಮಾತಾಡಿಸಬಾರದು. ಮೆಥೋಡಿಸ್ಟರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದ ಮಾತಿದು. ಇದನ್ನು ಕೇಳಿದಾಗ ನಮ್ಮ ಅವ್ವಂದಿರು ನಗುತ್ತಾರೆ, ಏಕೆಂದರೆ ಪ್ರಾರ್ಥನೆಗೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುವುದು ಅವರಿಗೆ ಮೊದಲೇ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಇಷ್ಟೇ: ಆ ಸೆರಗೇ ಕೋಣೆ, ಅದೇ ಬಾಗಿಲು. ಮನೆಯವರಿಗೆ ಹೇಳಿಬಿಡಿ. ಸೆರಗು ತಲೆ ಮೇಲೆ ಇರುವಷ್ಟು ಹೊತ್ತು ನನ್ನನ್ನು ಕರೆಯಬೇಡಿ ಎಂದು. ಗಂಡಸರೂ ಹೆಗಲ ಮೇಲಿನ ಟವೆಲು ಹಾಕಿಕೊಳ್ಳಬಹುದು. ಬೈಬಲಿನಲ್ಲಿ ಬರುವ ಸಮುವೇಲನ ತಾಯಿ ಹನ್ನಳಿಗೆ ಅಷ್ಟೂ ಇರಲಿಲ್ಲ. ಜನ ಓಡಾಡುವ ಜಾಗದಲ್ಲೇ, ಸದ್ದಿಲ್ಲದೆ ತುಟಿ ಅಲ್ಲಾಡಿಸುತ್ತ ಪ್ರಾರ್ಥಿಸಿದಳು. ಯಾಜಕನು ಆಕೆ ಕುಡಿದಿದ್ದಾಳೆ ಎಂದುಕೊಂಡ. ದೇವರು ಕೇಳಿಸಿಕೊಂಡ.

ಸುಸಾನ್ನರ ಇನ್ನೊಂದು ರೂಢಿಯನ್ನು ತಂದೆ ತಾಯಂದಿರಿಗಾಗಿ ಹೇಳಬೇಕು. ವಾರದ ಒಂದೊಂದು ಸಂಜೆ ಒಬ್ಬೊಬ್ಬ ಮಗುವಿಗೆ ಎಂದು ಗೊತ್ತುಮಾಡಿದ್ದರು. ಆ ಹೊತ್ತು ಆ ಮಗುವಿನ ಜೊತೆ ಒಂಟಿಯಾಗಿ ಕೂತು ಮಾತು. ಜಾನ್‌ನ ಪಾಲಿಗೆ ಗುರುವಾರ. ದೊಡ್ಡವನಾಗಿ ಆಕ್ಸ್‌ಫರ್ಡಿನಲ್ಲಿ ಪಾಠ ಹೇಳುತ್ತಿದ್ದಾಗಲೂ ಆತ ಆ ಗುರುವಾರದ ಹೊತ್ತನ್ನು ನೆನೆದು, ತಾಯಿಯಿಂದ ಅದನ್ನೇ ಬೇಡಿ ಪತ್ರ ಬರೆದ.

ಜಾಗದ ಮಾತು ಮುಗಿಯಿತು. ಈಗ ಓದಿನ ಮಾತು. ಇದರಲ್ಲಿ ನನ್ನ ಅಭಿಪ್ರಾಯ ಕೆಲವು ಪಾಸ್ಟರರಿಗೆ ಹಿಡಿಸಲಿಕ್ಕಿಲ್ಲ.

ಕನ್ನಡದಲ್ಲಿ ಪೂರ್ಣ ಸತ್ಯವೇದ ಅಚ್ಚಾಗಿ ಸುಮಾರು 200 ವರ್ಷವಾಗುತ್ತ ಬಂತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಇಪ್ಪತ್ತು ವರ್ಷ ದುಡಿದ ಫಲ ಅದು. ಅದರಲ್ಲಿ ಅರವತ್ತಾರು ಪುಸ್ತಕ, ಹೆಚ್ಚು ಕಡಿಮೆ 1200 ಅಧ್ಯಾಯ. ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಪ್ರತಿ ಜನವರಿಯಲ್ಲಿ ಸಭೆಗಳಲ್ಲಿ ಹೀಗೆ ಓದುವ ಪಟ್ಟಿ ಹಂಚುತ್ತಾರೆ. ಓದು ರೂಢಿಯಿರುವ, ಹೊತ್ತು ಇರುವವರಿಗೆ ಅದು ಒಳ್ಳೆಯದು. ಆದರೆ ಆರನೆಯ ತರಗತಿಗೆ ಶಾಲೆ ಬಿಟ್ಟು, ಅಕ್ಷರ ಕೂಡಿಸಿ ಓದುವ ಹೆಣ್ಣುಮಗಳಿಗೆ ಆ ಪಟ್ಟಿ ಕೊಡಬೇಡಿ. ಆಕೆ ಎರಡು ವಾರದಲ್ಲಿ ಹಿಂದೆ ಬೀಳುತ್ತಾಳೆ. ಹಿಂದೆ ಬಿದ್ದೆ ಎಂಬ ನಾಚಿಕೆಗೆ ಪುಸ್ತಕವನ್ನೇ ಮುಚ್ಚಿಡುತ್ತಾಳೆ. ಆಕೆಗೆ ಮಾರ್ಕನ ಸುವಾರ್ತೆ ಸಾಕು. ಹದಿನಾರೇ ಅಧ್ಯಾಯ. ದಿನಕ್ಕೊಂದು ಸಂಗತಿ. ಪಾರ್ಶ್ವವಾಯು ರೋಗಿಯನ್ನು ಮಾಳಿಗೆ ಬಿಚ್ಚಿ ಇಳಿಸಿದ್ದು ಒಂದು ದಿನ. ಬಿರುಗಾಳಿ ಅಡಗಿದ್ದು ಇನ್ನೊಂದು ದಿನ. ಓದಿ ಮುಗಿದರೆ ಮತ್ತೆ ಮೊದಲಿನಿಂದ. ಅದರಲ್ಲಿ ಒಂದು ಮಾತನ್ನು ಹಿಡಿದು ಅವತ್ತಿನ ಕೆಲಸಕ್ಕೆ ಹೋಗಲಿ.

ಓದು ಬಾರದ ಮನೆಯಲ್ಲಿ ಶಾಲೆಗೆ ಹೋಗುವ ಮೊಮ್ಮಗಳಿರುತ್ತಾಳೆ. ಸಂಜೆ ದೀಪ ಹಚ್ಚಿದ ಮೇಲೆ ಆಕೆ ಹತ್ತು ನಿಮಿಷ ಓದಲಿ, ಅಜ್ಜಿ ಕೇಳಲಿ. ಮರುದಿನ ಅಜ್ಜಿ ಆ ಕಥೆಯನ್ನು ತಿರುಗಿ ಮೊಮ್ಮಗಳಿಗೆ ಹೇಳಲಿ. ಬೀದರಿಗೆ, ಕೊಳಾರ ಇಂಡಸ್ಟ್ರಿಯಲ್ ಏರಿಯಾಕ್ಕೆ ದಿನಾಲೂ ಬಸ್ಸು ಹಿಡಿಯುವ ಹುಡುಗರಿಗೆ ಮೊಬೈಲಿನಲ್ಲಿ ಕನ್ನಡ ಬೈಬಲಿನ ಧ್ವನಿ ಸಿಗುತ್ತದೆ. ಅರ್ಧ ಗಂಟೆಯ ದಾರಿಯಲ್ಲಿ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ನಾಲ್ಕೈದು ಕೀರ್ತನೆ ಕೇಳಬಹುದು. 150 ಕೀರ್ತನೆ, ದಿನಕ್ಕೆ ಐದು, ಒಂದು ತಿಂಗಳಿಗೆ ಒಂದು ಸುತ್ತು. ಕ್ರೈಸ್ತ ಮಠಗಳಲ್ಲಿ ಶತಮಾನಗಳಿಂದ ಕೀರ್ತನೆಗಳನ್ನು ಸುತ್ತು ಸುತ್ತಾಗಿ ಹೇಳುತ್ತ ಬಂದಿದ್ದಾರೆ. ಕಥೋಲಿಕ ಬಂಧುಗಳಿಗೆ ಜಪಸರ ಇದೆ. ಅದೂ ಬಸ್ಸಿನ ಸೀಟಿನಲ್ಲಿ ಕೂತು ಬೆರಳಲ್ಲಿ ಎಣಿಸುವ ಪ್ರಾರ್ಥನೆಯೇ.

ಕೆಲಸ, ಬಾಯಿ, ಜಾಗ, ಓದು, ಇಷ್ಟಾಯಿತು. ಇವೆಲ್ಲ ನನಗೂ ನನ್ನ ದೇವರಿಗೂ ನಡುವಿನವು. ಅಲ್ಲಿಗೇ ನಿಂತರೆ ಮಾತು ಅರ್ಧವಾಗುತ್ತದೆ. ಕೈಯ ಮಾತು ಉಳಿದಿದೆ.

ಮಿಜೋರಾಮಿನ ಕ್ರೈಸ್ತ ಹೆಣ್ಣುಮಕ್ಕಳು 1910ರಲ್ಲಿ ಒಂದು ರೂಢಿ ಶುರುಮಾಡಿದರು. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಅದರಿಂದ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುವುದು. ಕೂಡಿದ ಅಕ್ಕಿ ಸಭೆಯ ಸೇವೆಗೆ. ಬಡವರ ಮನೆಯ ಆ ಹಿಡಿ ಅಕ್ಕಿಯಿಂದ ಅಲ್ಲಿನ ಸಭೆಗಳು ಸುವಾರ್ತೆಯ ಕೆಲಸ ನಡೆಸಿಕೊಂಡು ಬಂದಿವೆ, ಇವತ್ತಿಗೂ ನಡೆಸುತ್ತಿವೆ. ನಮ್ಮಲ್ಲಿ ಅದು ಹಿಡಿ ಜೋಳವಾಗಲಿ, ಹಿಡಿ ತೊಗರಿ ಬೇಳೆಯಾಗಲಿ. ಒಂದು ಡಬ್ಬಿ ಬೇರೆ ಇಡಿ. ತಿಂಗಳ ಕೊನೆಗೆ ಅದು ಓಣಿಯಲ್ಲಿ ಯಾರ ಒಲೆ ಉರಿದಿಲ್ಲವೋ ಅವರ ಮನೆಗೆ ಹೋಗಲಿ. ಅವರು ಯಾವ ಜಾತಿ, ಯಾವ ಧರ್ಮ ಎಂದು ಕೇಳಬೇಡಿ. ಶುಕ್ರವಾರದ ಉಪವಾಸ ಮಾಡುವವರೂ ಹಾಗೆ. ಬಿಟ್ಟ ಊಟದ ಹಿಟ್ಟು ಮನೆಯಲ್ಲೇ ಉಳಿದರೆ ಅದು ಉಳಿತಾಯ. ಹಸಿದವನಿಗೆ ರೊಟ್ಟಿ ಹಂಚುವುದೇ ತಾನು ಮೆಚ್ಚುವ ಉಪವಾಸ ಎಂದು ಯೆಶಾಯನ ಪುಸ್ತಕದಲ್ಲಿ ದೇವರು ಹೇಳುತ್ತಾನೆ.

ಸ್ಟಾನ್ಲಿ ಜೋನ್ಸ್ ಎಂಬ ಮೆಥೋಡಿಸ್ಟ್ ಮಿಷನರಿ 1930ರಲ್ಲಿ ಹಿಮಾಲಯದ ತಪ್ಪಲಿನ ಸಾತ್‌ತಾಲದಲ್ಲಿ ಆಶ್ರಮ ತೆರೆದರು. ಬೆಳಗಿನ ಹೊತ್ತು ದೇವರು ಏನು ಹೇಳುತ್ತಾನೋ ಕೇಳಿಸಿಕೊಳ್ಳಲೆಂದೇ ಮೀಸಲಿಡುವುದು ಅವರ ಜೀವನದ ರೂಢಿ. ಅದೇ ಆಶ್ರಮದಲ್ಲಿ ವಾರಕ್ಕೊಂದು ದಿನ ಪಾಯಖಾನೆ ತೊಳೆಯುವವರಿಗೆ ರಜೆ. ಅವತ್ತು ಆ ಕೆಲಸ ಆಶ್ರಮವಾಸಿಗಳದು. ಮೇಲ್ಜಾತಿಯಿಂದ ಬಂದವರೂ ಪೊರಕೆ ಹಿಡಿಯಬೇಕಾಗಿತ್ತು. ಬೆಳಗಿನ ಧ್ಯಾನದಷ್ಟೇ ಆ ಪೊರಕೆಯೂ ಭಕ್ತಿಯ ರೂಢಿ ಎಂದು ನಾನು ತಿಳಿದಿದ್ದೇನೆ. ಜಾತಿಯ ಪೆಟ್ಟು ತಿಂದು ಬಂದ ನಮ್ಮ ಜನಕ್ಕೆ ಇದು ಬೇಗ ಅರ್ಥವಾಗಬೇಕು.

ಕೇಳುಗರೇ, ಇನ್ನು ಸ್ವಲ್ಪವೇ ಹೊತ್ತು ಉಳಿದಿದೆ. ಹೇಳಿದ ರೂಢಿಗಳೆಲ್ಲ ಒಂದು ದಿನ ಕಡಿಯುತ್ತವೆ. ರಾಶಿಯ ಕಾಲ ಬರುತ್ತದೆ, ಮೈ ಹಣ್ಣಾಗಿ ಕೂತಲ್ಲೇ ನಿದ್ದೆ. ಮಳೆ ಕೈಕೊಡುತ್ತದೆ, ಸಾಲ ತಲೆಗೆ ಬರುತ್ತದೆ, ಪ್ರಾರ್ಥನೆ ಗಂಟಲಲ್ಲೇ ನಿಲ್ಲುತ್ತದೆ. ಆಗ ದೇವರ ಮೇಲೆ ಸಿಟ್ಟು ಬಂದರೆ ಅದನ್ನೂ ಹೇಳಿ. ಕೀರ್ತನೆಗಳಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ಅಳುವುದು, ದೂರು ಹೇಳುವುದು, ಯಾಕೆ ಎಂದು ಕೇಳುವುದು. ಮದರ್ ತೆರೇಸಾ ಹತ್ತಾರು ವರ್ಷ ಒಳಗೆ ಕತ್ತಲೆ ತುಂಬಿಕೊಂಡೇ ದಿನಾಲೂ ಬೆಳಗ್ಗೆ ಪ್ರಾರ್ಥನೆಗೆ ಮೊಣಕಾಲೂರಿದರು. 2007ರಲ್ಲಿ ಅವರ ಪತ್ರಗಳು ಅಚ್ಚಾದಾಗ ಲೋಕಕ್ಕೆ ಅದು ವಿಸ್ತಾರವಾಗಿ ತಿಳಿಯಿತು.

ಅಂಥ ದಿನಗಳಲ್ಲಿ ಒಬ್ಬರೇ ನಿಲ್ಲುವುದು ಕಷ್ಟ. ಇದಕ್ಕೆ ಮೆಥೋಡಿಸ್ಟರ ಬಳಿ ಒಂದು ಹಳೆಯ ಉಪಾಯವಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸಭೆಗೆ ಕಟ್ಟಡದ ಸಾಲವಿತ್ತು. ತೀರಿಸುವುದು ಹೇಗೆಂದು ಕೂತು ಯೋಚಿಸಿದರು. ಕ್ಯಾಪ್ಟನ್ ಫಾಯ್ ಎಂಬವರು ಒಂದು ದಾರಿ ಹೇಳಿದರು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು. ಬಡವರು ಎಲ್ಲಿಂದ ತರಬೇಕು ಎಂದು ಇನ್ನೊಬ್ಬರು ಕೇಳಿದರು. ಹಾಗಾದರೆ ಎಲ್ಲರಿಗಿಂತ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಕೊಡಿ, ನಾನು ವಾರವಾರ ಅವರ ಮನೆಗೆ ಹೋಗುತ್ತೇನೆ, ಅವರಿಗೆ ಆಗದಿದ್ದರೆ ಅವರ ಪಾಲು ನಾನೇ ತುಂಬುತ್ತೇನೆ ಎಂದರು ಫಾಯ್. ಹೀಗೆ ಹನ್ನೆರಡು ಮಂದಿಯ ಗುಂಪುಗಳಾದವು. ಪೆನ್ನಿ ಕೇಳಲು ಮನೆಗೆ ಹೋದವರು ಮನೆಯ ಪಾಡು ಕಂಡರು. ಒಬ್ಬನ ಕುಡಿತ, ಒಬ್ಬಳ ಕಣ್ಣೀರು, ಇನ್ನೊಬ್ಬರ ನಿಂತುಹೋದ ಪ್ರಾರ್ಥನೆ. ಸಾಲ ತೀರಿಸಲು ಹುಟ್ಟಿದ ಗುಂಪು ಒಬ್ಬರನ್ನೊಬ್ಬರು ಆತ್ಮದ ವಿಷಯದಲ್ಲಿ ವಿಚಾರಿಸಿಕೊಳ್ಳುವ ಗುಂಪಾಯಿತು.

ಕಮಠಾಣದಲ್ಲಿ, ಭಾಲ್ಕಿಯಲ್ಲಿ, ಔರಾದಿನಲ್ಲಿ ಮನೆಕೂಟ ನಡೆಸುವ ಹಿರಿಯರಿಗೆ ನನ್ನದೊಂದು ಬೇಡಿಕೆ ಇದೆ. ಮುಂದಿನ ಕೂಟದಲ್ಲಿ ಸಂದೇಶವನ್ನು ಕಾಲು ಗಂಟೆ ಮೊಟಕು ಮಾಡಿ. ಆ ಹೊತ್ತಿನಲ್ಲಿ ಚಾಪೆಯ ಮೇಲೆ ಕೂತ ಒಬ್ಬೊಬ್ಬರನ್ನೂ, ಬಾಗಿಲ ಬಳಿ ಕೂಡುವ ಮುದುಕಿಯನ್ನೂ ಬಿಡದೆ, ಈ ವಾರ ನೀವು ಹೇಗೆ ಪ್ರಾರ್ಥನೆ ಮಾಡಿದಿರಿ ಎಂದು ಕೇಳಿ. ಮಾಡಲಾಗಲಿಲ್ಲ ಎಂದವರನ್ನು ಗದರಿಸಬೇಡಿ. ಮರುದಿನ ಅವರ ಮನೆಗೆ ಹೋಗಿ.